ಆ ಡಬ್ಬಿ ಕಿಟ್ ಬೇಡ ಕಣೋ, ದುಡ್ಡೆಲ್ಲ ಅಂಚಿಗೆ ಹಾಕು

ಚೇತು, ನಿನ್ನ ಮೆಸೇಜ್ ನೋಡಿದೆ. ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಬಾಯಲ್ಲೇ ಹೇಳಿಬಿಡ್ತೀನಿ, ಸ್ವಲ್ಪ ಉದ್ದ ಆಗುತ್ತೆ. ಗಡ್ಡ ಹೆರೆಯೋ ಮಡಚೋ ಕತ್ತಿ, ಚರ್ಮದ ಪಟ್ಟಿ, ಸಾಣೆಕಲ್ಲು, ಬ್ರಷ್, ಬಟ್ಟಲು ಎಲ್ಲಾ ಒಂದೇ ಡಬ್ಬಿಯಲ್ಲಿ ಅಗ್ಗಕ್ಕೆ ಸಿಗ್ತಿದೆ, ತಗೊಳ್ಳಲಾ ಅಂತ ಕೇಳಿದೀಯ. ಬೇಡ. ಅಂಥ ಡಬ್ಬಿಯಲ್ಲಿ ಬರೋದು ಬಹುಪಾಲು ಕತ್ತಿ ಆಕಾರದ ತಗಡು. ಉಕ್ಕು ಮೆತ್ತಗೆ, ಅಲಗು ಸೊಟ್ಟ, ಎಷ್ಟು ಸಾಣೆ ಹಿಡಿದ್ರೂ ಹರಿತ ನಿಲ್ಲಲ್ಲ. ಕೈಯಲ್ಲಿರೋ ದುಡ್ಡು ಕಮ್ಮಿ ಅಂದ್ರೆ ಅದಷ್ಟೂ ಅಂಚಿಗೇ ಹೋಗ್ಲಿ. ಮಿಕ್ಕಿದ್ದು ಮನೇಲಿರೋದ್ರಲ್ಲೇ ನಡೆಯುತ್ತೆ.

ಇನ್ನು ಚಿಕ್ಕಪ್ಪ ಹೇಳಿದ್ರಲ್ಲ, ಸಲೂನಲ್ಲಿ ಬ್ಲೇಡನ್ನ ಅರ್ಧ ಮುರಿದು ಸಿಗಿಸ್ತಾರಲ್ಲ ಅದು, ಅದರಲ್ಲೇ ಶುರು ಮಾಡ್ಲಿ ಅಂತ. ಖರ್ಚಿನ ಲೆಕ್ಕದಲ್ಲಿ ಅವರ ಮಾತು ಸರಿ, ಪಟ್ಟಿ ಬೇಡ, ಕಲ್ಲು ಬೇಡ. ಆದ್ರೆ ಆ ಬ್ಲೇಡ್ ತುಂಬಾ ತೆಳು, ಎರಡೂ ತುದಿ ಚೂಪು, ಹಿಡಿ ಹಗುರ. ಓರೆ ಒಂಚೂರು ತಪ್ಪಿದ್ರೂ ಚರ್ಮ ಬಿಡಲ್ಲ. ಕಲಿಯೋನಿಗೆ ಅದು ಸುಲಭ ಅಲ್ಲ, ಕಷ್ಟ. ಅದರಲ್ಲಿ ಕುಯ್ದುಕೊಂಡು ‘ಕತ್ತಿ ನಂಗಾಗಲ್ಲ’ ಅಂತ ಬಿಟ್ಟುಬಿಡಬೇಡ.

ಹಾಗಾದ್ರೆ ಏನ್ ತಗೋಬೇಕು? ಹಳೇ ಕತ್ತಿ. ಜರ್ಮನಿಯ ಸೋಲಿಂಗೆನ್, ಇಂಗ್ಲೆಂಡಿನ ಶೆಫೀಲ್ಡ್ ಅಂತ ಅಲಗಿನ ಬುಡದಲ್ಲಿ ಕೊರೆದಿರೋ ಹಳೇ ಕತ್ತಿಗಳು ಇವತ್ತಿಗೂ ಚೆನ್ನಾಗಿ ಕೆಲಸ ಮಾಡ್ತವೆ. ಅಗಲ 5/8 ಅಥವಾ 6/8 ಇಂಚು ಇರ್ಲಿ, ತುದಿ ದುಂಡಗಿರ್ಲಿ. ಚೌಕ ತುದಿ ಮೊದಲನೇ ವಾರದಲ್ಲೇ ಕಿವಿ ಹತ್ರ ಚುಚ್ಚುತ್ತೆ. ಹಿಡಿ ಸ್ವಲ್ಪ ಕಳಾಹೀನ ಆಗಿದ್ರೆ, ಅಲಗಿನ ಮೇಲೆ ಕಲೆ ಇದ್ರೆ ತಲೆ ಕೆಡಿಸ್ಕೋಬೇಡ. ನೋಡಬೇಕಾಗಿರೋದು ಅಂಚು. ತುಕ್ಕಿನ ಗುಳಿ ಅಂಚಿನವರೆಗೂ ಬಂದಿದ್ರೆ ಬೇಡ. ಬಿರುಕು ಕೂದಲೆಳೆಯಷ್ಟಿದ್ರೂ ಬೇಡ. ಅಂಚಿನ ನಡುಭಾಗ ಒಳಗೆ ತಗ್ಗಿದ್ರೆ ಬೇಡ, ಹೊರಕ್ಕೆ ಸ್ವಲ್ಪ ಉಬ್ಬಿದ್ರೆ ಪರವಾಗಿಲ್ಲ. ಬೆನ್ನು, ಅಂದ್ರೆ ಅಂಚಿನ ಎದುರಿನ ದಪ್ಪ ಬದಿ, ಎರಡೂ ಕಡೆ ಒಂದೇ ಸಮ ಸವೆದಿದ್ಯಾ ನೋಡು. ಒಂದು ಕಡೆ ಅಗಲ, ಇನ್ನೊಂದು ಕಡೆ ಸಣ್ಣ ಪಟ್ಟೆ ಬಿದ್ದಿದ್ರೆ ಸಾಣೆ ಹಿಡಿಯೋನ ಪ್ರಾಣ ತಿನ್ನುತ್ತೆ. ಬೇರೆಯವರು ಬಳಸಿದ್ದಾದ್ರೆ ಸೋಪಲ್ಲಿ ತೊಳೆದು 70 ಪರ್ಸೆಂಟ್ ಆಲ್ಕೋಹಾಲಲ್ಲಿ ಒರೆಸು. ಕುದಿಸಬೇಡ, ಹಿಡಿ ಸೊಟ್ಟಗಾಗುತ್ತೆ.

ಕೊಂಡ ಮೇಲೆ ಮೊದಲನೇ ಸಾಣೆ ನೀನು ಹಿಡಿಯಬೇಡ. ಕ್ಷೌರದ ಕತ್ತಿಗೇ ಸಾಣೆ ಹಿಡಿಯೋರ ಕೈಗೆ ಕೊಡು. ಚಾಕು ಕತ್ತರಿಗೆ ಚಕ್ರ ತಿರುಗಿಸೋರ ಹತ್ರ ಮಾತ್ರ ಕೊಡ್ಲೇಬೇಡ. ಚಕ್ರದ ಬಿಸಿಗೆ ಅಂಚು ನೀಲಿಗೆ ತಿರುಗಿದ್ರೆ ಉಕ್ಕಿನ ಹದ ಹೋಯ್ತು, ಆಮೇಲೆ ಯಾವ ಕಲ್ಲೂ ಅದನ್ನ ಉಳಿಸಲ್ಲ. ಕ್ಷೌರದ ಕತ್ತಿಯ ಸಾಣೆಗೆ 1000ರ ಕಲ್ಲು, 4000, 8000, 12000 ಅಂತ ಸಾಲು ಬೇಕು, ಅಂಕಿ ಜಾಸ್ತಿ ಆದಷ್ಟೂ ಕಲ್ಲು ನುಣುಪು. ಅಷ್ಟು ಕೊಳ್ಳೋ ದುಡ್ಡಲ್ಲಿ ಹಲವು ಸಲ ಬೇರೆಯವರಿಂದ ಮಾಡಿಸಬಹುದು. ಅದಕ್ಕಿಂತ ಮುಖ್ಯವಾಗಿ, ಒಳ್ಳೇ ಅಂಚು ಮುಖದ ಮೇಲೆ ಹೇಗಿರುತ್ತೆ ಅಂತ ಗೊತ್ತಿಲ್ಲದೆ ಕಲ್ಲಿಗೆ ಕೈ ಹಾಕಿದ್ರೆ ತಪ್ಪು ಎಲ್ಲಿದೆ ಅಂತಾನೇ ಗೊತ್ತಾಗಲ್ಲ. ಕತ್ತಿ ವಾಪಸ್ ಬಂದಾಗ ಅಂಚನ್ನ ಮೇಲ್ಮುಖ ಮಾಡಿ ದೀಪದ ಕೆಳಗೆ ನಿಧಾನಕ್ಕೆ ಓಲಾಡಿಸಿ ನೋಡು. ಹರಿತ ಇರೋ ಅಂಚಲ್ಲಿ ಬೆಳಕು ನಿಲ್ಲಲ್ಲ. ಎಲ್ಲಾದ್ರೂ ಸಣ್ಣ ಚುಕ್ಕಿ ಮಿಂಚಿದ್ರೆ ಅಲ್ಲಿ ಮೊಂಡು ಇದೆ, ಇಲ್ಲಾ ಚೂರು ಹಾರಿದೆ.

ಈಗ ಪಟ್ಟಿ, ಅಂದ್ರೆ ಗಡ್ಡ ಹೆರೆಯೋಕೆ ಮುಂಚೆ ಅಂಚನ್ನ ಉಜ್ಜಿ ಸರಿ ಮಾಡೋ ಚರ್ಮ. ಹೆಚ್ಚಿನವರು ಕೆಡಿಸೋದು ಇಲ್ಲೇ, ಮುಖದ ಮೇಲಲ್ಲ. ದುಬಾರಿ ಪಟ್ಟಿ ಈಗಲೇ ಬೇಡ, ಶುರುವಿನಲ್ಲಿ ಅದನ್ನ ನೀನು ಕುಯ್ಯೋದು ಗ್ಯಾರಂಟಿ. ಗೀರು, ಹೊಲಿಗೆ, ಉಬ್ಬಚ್ಚು ಏನೂ ಇಲ್ಲದ ಹಳೇ ಚರ್ಮದ ಬೆಲ್ಟ್ ಸಾಕು, ಜೊತೆಗೆ ದಪ್ಪ ಹತ್ತಿ ಬಟ್ಟೆ ಇಲ್ಲಾ ಜೀನ್ಸ್ ತುಂಡು. ಬೆಲ್ಟ್ ಅಲಗಿಗಿಂತ ಕಿರಿದಾಗಿದ್ರೆ ಎಳೀತಾ ಎಳೀತಾ ಅಡ್ಡಕ್ಕೂ ಸರಿಸು, ಬುಡದಿಂದ ತುದಿವರೆಗೂ ಉಜ್ಜಬೇಕು. ಬಟ್ಟೆ ಮೇಲೆ 20 ಸಲ, ಚರ್ಮದ ಮೇಲೆ 40ರಿಂದ 50. ಬೆನ್ನು ಮುಂದೆ, ಅಂಚು ಹಿಂದೆ, ಎರಡೂ ಪಟ್ಟಿಗೆ ತಾಗಿರಬೇಕು. ಭಾರ ಹಾಕಬೇಡ, ಕತ್ತಿಯ ತೂಕವೇ ಸಾಕು. ಪಟ್ಟಿಯ ತುದಿ ಮುಟ್ಟಿದಾಗ ಮೊದಲು ನಿಲ್ಲಿಸು, ಬೆನ್ನನ್ನ ಪಟ್ಟಿಯಿಂದ ಎತ್ತದೆ ಅದರ ಮೇಲೇ ಹೊರಳಿಸು, ಆಮೇಲೆ ವಾಪಸ್ ಎಳಿ. ಅಂಚಿನ ಕಡೆಯಿಂದ ಹೊರಳಿಸಿದ್ರೆ ಪಟ್ಟಿ ಕುಯ್ಯುತ್ತೆ, ಅಂಚೂ ಮಡಚಿಕೊಳ್ಳುತ್ತೆ. ಪಟ್ಟಿ ಜೋತುಬಿದ್ರೆ ಅಂಚು ದುಂಡಗಾಗುತ್ತೆ. ಸ್ಪೀಡ್ ಬೇಡವೇ ಬೇಡ, ಸಿನಿಮಾದಲ್ಲಿ ಪಟಪಟ ಅನ್ನಿಸ್ತಾರಲ್ಲ, ಅದು ಶೋ.

ಬ್ರಷ್, ಸೋಪು ಯಾವುದಾದ್ರೂ ಆಗುತ್ತೆ. ಸ್ನಾನ ಆದ ಮೇಲೆ ಕೂತ್ಕೋ, ಗಡ್ಡ ನೆನೆದಿರುತ್ತೆ. ನೊರೆಗೆ ನೀರು ಸ್ವಲ್ಪ ಜಾಸ್ತೀನೇ ಇರ್ಲಿ, ಒದ್ದೆಯಾಗಿ ಹೊಳೀಬೇಕು. ಒಣ ನೊರೆ ಮೇಲೆ ಕತ್ತಿ ಜಾರಲ್ಲ, ತಡೆಯುತ್ತೆ.

ಮೊದಲ ಕೆಲವು ಸಲ ಬರೀ ಎರಡು ಕೆನ್ನೆ, ಕೂದಲು ಬೆಳೆದ ದಿಕ್ಕಲ್ಲೇ. ಮಿಕ್ಕಿದ್ದು ನಿನ್ನ ಮಾಮೂಲಿ ರೇಜರಲ್ಲಿ ಮುಗಿಸು. ಇನ್ನೊಂದು ಕೈಯಲ್ಲಿ ಚರ್ಮವನ್ನ ಬಿಗಿಯಾಗಿ ಎಳೆದು ಹಿಡಿ, ಬೆರಳು ಜಾರಿದ್ರೆ ಅಲ್ಲಿ ನೊರೆ ಒರೆಸ್ಕೋ. ಕತ್ತಿಯನ್ನ ಮೊದಲು ಚಪ್ಪಟೆಯಾಗಿ ಇಟ್ಟು ಬೆನ್ನನ್ನ ಅದರ ದಪ್ಪದ ಎರಡರಷ್ಟು ಮೇಲೆತ್ತು, 30 ಡಿಗ್ರಿ ಹತ್ರ ಬರುತ್ತೆ. ಇನ್ನೂ ಎತ್ತಿದ್ರೆ ಕೆರೆದು ಉರಿ ಬರುತ್ತೆ, ತೀರಾ ಮಲಗಿಸಿದ್ರೆ ಕೂದಲು ಜಗ್ಗುತ್ತೆ. ಒಂದೊಂದು ಇಂಚು ಎಳಿ ಸಾಕು. ಅಂಚು ಚರ್ಮಕ್ಕೆ ತಾಗಿರುವಾಗ ಅದರ ಉದ್ದಕ್ಕೆ, ಅಂದ್ರೆ ತುದಿ ಕಡೆಗೋ ಬುಡದ ಕಡೆಗೋ, ಯಾವತ್ತೂ ಸರಿಸಬೇಡ. ಗಾಯ ಆಗೋದು ಹೆಚ್ಚಾಗಿ ಅದರಿಂದಲೇ. ಗದ್ದ, ಮೇಲ್ತುಟಿ ಕೊನೆಗೆ ಕಲಿ. ಕೂದಲಿಗೆ ಎದುರು ದಿಕ್ಕು ಈಗ ಯೋಚನೇನೇ ಮಾಡಬೇಡ. ಸಣ್ಣಪುಟ್ಟ ಗೀರಿಗೆ ಪಟಿಕದ ತುಂಡು ಒದ್ದೆ ಮಾಡಿ ಒತ್ತು. ಮತ್ತೆ, ಕೈ ಜಾರಿ ಕತ್ತಿ ಬಿದ್ರೆ ಹಿಡಿಯೋಕೆ ಹೋಗಬೇಡ, ಕತ್ತಿ ಹಾಳಾದ್ರೆ ಆಗ್ಲಿ.

ಮುಗಿದ ಮೇಲೆ ತೊಳೆದು, ಬೆನ್ನಿಂದ ಅಂಚಿನ ಕಡೆಗೆ ಒರೆಸು, ಬಟ್ಟೆ ಮೇಲೆ ಹತ್ತು ಸಲ ಎಳೆದು, ಬಿಚ್ಚಿದ ಹಾಗೇ ಒಣಗಲು ಬಿಡು. ಬಚ್ಚಲಲ್ಲಿ ಇಡಬೇಡ, ಕಾರ್ಬನ್ ಉಕ್ಕು ತೇವಕ್ಕೆ ಬೇಗ ತುಕ್ಕು ಹಿಡಿಯುತ್ತೆ. ವಾರಗಟ್ಟಲೆ ಮುಟ್ಟಲ್ಲ ಅಂದ್ರೆ ಹೊಲಿಗೆ ಮೆಶಿನ್ ಎಣ್ಣೆ ಒಂದು ಹನಿ ಸವರಿಡು. ಪಟ್ಟಿ ಹಿಡಿದ ಮೇಲೂ ಕೂದಲು ಜಗ್ಗೋಕೆ ಶುರುವಾದ್ರೆ ಬೇರೆ ಬಟ್ಟೆ ತುಂಡಿಗೆ ಹಸಿರು ಕ್ರೋಮಿಯಂ ಆಕ್ಸೈಡ್ ಅನ್ನೋ ಪಾಲಿಶ್ ಲೇಪ, 0.5 ಮೈಕ್ರಾನ್ ಕಣದ್ದು, ತೆಳ್ಳಗೆ ಸವರಿ ಹತ್ತು ಸಲ ಎಳಿ. ಮಾಮೂಲಿ ಪಟ್ಟಿಗೆ ಅದನ್ನ ಹಚ್ಚಬೇಡ, ಆಮೇಲೆ ಹೋಗಲ್ಲ. ಅದಕ್ಕೂ ಬಗ್ಗದಿದ್ರೆ ಮತ್ತೆ ಸಾಣೆಗೆ ಕೊಡು.

ಯಾವುದಾದ್ರೂ ಹಳೇ ಕತ್ತಿ ಕಣ್ಣಿಗೆ ಬಿದ್ರೆ ದುಡ್ಡು ಕೊಡೋಕೆ ಮುಂಚೆ ಇಲ್ಲಿ ಫೋಟೋ ಹಾಕು. ಬೆನ್ನಿನ ಕಡೆಯಿಂದ ಒಂದು, ಅಂಚು ಹತ್ತಿರದಿಂದ ಎರಡೂ ಮಗ್ಗುಲು. ಡಬ್ಬಿ ಫೋಟೋ ಬೇಡ.