ಚಳಿಗಾಲದಲ್ಲಿ ಎಸ್‌ಟಿಪಿ ನೀರಿನ ಅಮೋನಿಯಾ ಏರುವುದಕ್ಕೆ ತಾಪಮಾನವೇ ಕಾರಣವೇ?

ಪ್ರಶ್ನೆ:

ನಮ್ಮದು ಬೆಂಗಳೂರಿನ ಒಂದು ವಸತಿ ಸಮುಚ್ಚಯ. ಎಸ್‌ಟಿಪಿಯಲ್ಲಿ (ಕೊಳಚೆ ನೀರಿನ ಶುದ್ಧೀಕರಣ ಘಟಕದಲ್ಲಿ) ಶುದ್ಧೀಕರಿಸಿದ ನೀರನ್ನು ಶೌಚಾಲಯಗಳ ಫ್ಲಶ್‌ಗೂ ಗಿಡಗಳಿಗೂ ಬಳಸುತ್ತೇವೆ. ಬೇಸಿಗೆಯಲ್ಲಿ ಈ ನೀರಿನ ಅಮೋನಿಯಾ ಸಾರಜನಕ ಲೀಟರಿಗೆ 5 ಮಿಲಿಗ್ರಾಂ ಒಳಗಿರುತ್ತದೆ. ಡಿಸೆಂಬರ್ ಬಂತೆಂದರೆ ಅದು 20ರ ಆಸುಪಾಸಿಗೆ ಏರಿ, ಫ್ಲಶ್ ಮಾಡಿದಾಗಲೆಲ್ಲ ಘಾಟು ವಾಸನೆ ಹೊಡೆಯುತ್ತದೆ. ಚಳಿಗೆ ಬ್ಯಾಕ್ಟೀರಿಯಾಗಳು ಕೆಲಸ ನಿಲ್ಲಿಸಿವೆ, ಬ್ಯಾಕ್ಟೀರಿಯಾಗಳಿರುವ ಕಲ್ಚರ್ ಪುಡಿ ತರಿಸಬೇಕು ಎಂದು ನಿರ್ವಹಣೆಯ ಗುತ್ತಿಗೆದಾರರು ಹೇಳುತ್ತಿದ್ದಾರೆ. ಗಾಳಿ ಊದುವ ಏರೇಷನ್ ಟ್ಯಾಂಕಿನ ನೀರು ಏಪ್ರಿಲ್‌ನಲ್ಲಿ 28 ಡಿಗ್ರಿ ಸೆಲ್ಸಿಯಸ್ ಇತ್ತು, ಈಗ ಬೆಳಗಿನ ಹೊತ್ತು 22 ಇದೆ. ಆರು ಡಿಗ್ರಿ ಇಳಿದದ್ದಕ್ಕೆ ಇಷ್ಟು ವ್ಯತ್ಯಾಸ ಆಗುವುದುಂಟೇ?

ಉತ್ತರ 1:

ಎಸ್‌ಟಿಪಿಗಳ ವಿನ್ಯಾಸ ಮಾಡುವ ಎಂಜಿನಿಯರ್ ಆಗಿ ಹೇಳುವುದಾದರೆ, ನಿಮ್ಮ ಗುತ್ತಿಗೆದಾರರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಆದರೆ ಅದು ಪೂರ್ಣ ಕಾರಣವಲ್ಲ. ಅಮೋನಿಯಾವನ್ನು ನೈಟ್ರೈಟ್ ಮಾಡುವ ನೈಟ್ರೊಸೊಮೊನಾಸ್, ನೈಟ್ರೈಟನ್ನು ನೈಟ್ರೇಟ್ ಮಾಡುವ ನೈಟ್ರೊಸ್ಪೈರಾ ಮೊದಲಾದ ಬ್ಯಾಕ್ಟೀರಿಯಾಗಳಿಗೆ ಈ ಕ್ರಿಯೆಯಿಂದ ಸಿಗುವ ಶಕ್ತಿ ಬಹಳ ಕಡಿಮೆಯಾದ್ದರಿಂದ ಅವು ನಿಧಾನವಾಗಿ ಬೆಳೆಯುತ್ತವೆ. ತಾಪಮಾನ ಒಂದು ಡಿಗ್ರಿ ಇಳಿದರೆ ಅವುಗಳ ಬೆಳವಣಿಗೆಯ ವೇಗ ಸುಮಾರು ಶೇ. 7ರಷ್ಟು, ಹತ್ತು ಡಿಗ್ರಿ ಇಳಿದರೆ ಹೆಚ್ಚು ಕಡಿಮೆ ಅರ್ಧದಷ್ಟು ಕುಗ್ಗುತ್ತದೆ. ಈ ಲೆಕ್ಕದಲ್ಲಿ ನಿಮ್ಮಲ್ಲಿ ಆಗಿರುವ ಕುಸಿತ ಮೂರನೇ ಒಂದು ಭಾಗ ಮಾತ್ರ.

ಹೀಗಿರುವಾಗ ನೋಡಬೇಕಾದದ್ದು ಸ್ಲಡ್ಜ್ ವಯಸ್ಸನ್ನು, ಅಂದರೆ ಬ್ಯಾಕ್ಟೀರಿಯಾಗಳಿರುವ ಕೆಸರು ಹೊರಹೋಗುವ ಮುನ್ನ ವ್ಯವಸ್ಥೆಯೊಳಗೆ ಸರಾಸರಿ ಎಷ್ಟು ದಿನ ಉಳಿಯುತ್ತದೆ ಎಂಬುದನ್ನು. ಹುಟ್ಟುವುದಕ್ಕಿಂತ ಬೇಗನೆ ಹೊರಗೆ ಹಾಕಿದರೆ ಈ ಬ್ಯಾಕ್ಟೀರಿಯಾಗಳು ಕೆಲವೇ ವಾರಗಳಲ್ಲಿ ತೊಳೆದುಹೋಗುತ್ತವೆ. 22 ಡಿಗ್ರಿಯಲ್ಲಿ ಸುರಕ್ಷತೆಯ ಅಂತರವನ್ನೂ ಸೇರಿಸಿಕೊಂಡು ಐದಾರು ದಿನಗಳ ವಯಸ್ಸು ಸಾಕು. ಹೆಚ್ಚಿನ ಅಪಾರ್ಟ್‌ಮೆಂಟ್ ಎಸ್‌ಟಿಪಿಗಳ ವಿನ್ಯಾಸದಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ. ದಿನಕ್ಕೆ ಎಷ್ಟು ಸ್ಲಡ್ಜ್ ಹೊರತೆಗೆಯುತ್ತಾರೆ, ಗಾಳಿ ಊದುವ ಬ್ಲೋವರ್ ಎಷ್ಟು ಗಂಟೆ ಓಡುತ್ತದೆ ಎಂಬುದನ್ನು ಲಾಗ್ ಪುಸ್ತಕದಲ್ಲಿ ನೋಡಿ.

ಕ್ಷಾರೀಯತೆಯನ್ನೂ, ಅಂದರೆ ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಸಾಮರ್ಥ್ಯವನ್ನೂ ಪರೀಕ್ಷಿಸಿ. ಒಂದು ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗುವಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ 7.14 ಗ್ರಾಂ ಕ್ಷಾರೀಯತೆ ಖರ್ಚಾಗುತ್ತದೆ. ಉದಾಹರಣೆಗೆ, ಲೀಟರಿಗೆ 40 ಮಿಲಿಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು 285 ಮಿಲಿಗ್ರಾಂ ಕ್ಷಾರೀಯತೆ ಬೇಕಾಯಿತು. ಬೇಸಿಗೆಯಲ್ಲಿ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರನ್ನೂ ಉಳಿದ ಕಾಲದಲ್ಲಿ ಕಾವೇರಿ ನೀರನ್ನೂ ಬಳಸುವ ಕಟ್ಟಡಗಳಲ್ಲಿ ನೀರಿನಲ್ಲಿರುವ ಕ್ಷಾರೀಯತೆ ಋತುವಿಗೆ ತಕ್ಕಂತೆ ಬದಲಾಗುತ್ತದೆ, ಅದರ ಕೊರತೆಯ ದೋಷವನ್ನು ಚಳಿಯ ತಲೆಗೆ ಕಟ್ಟಲಾಗುತ್ತದೆ.

ಉತ್ತರ 2:

ನಾನು ಜರ್ಮನಿಯ ಒಂದು ಪುರಸಭೆಯ ಶುದ್ಧೀಕರಣ ಘಟಕದಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಹಿಮ ಕರಗಿ ಚರಂಡಿ ಸೇರುವ ದಿನಗಳಲ್ಲಿ ತೊಟ್ಟಿಯ ನೀರು 8 ಡಿಗ್ರಿಗೂ ಇಳಿಯುತ್ತದೆ. ಜೈವಿಕ ತೊಟ್ಟಿಯಿಂದ ಹೊರಬರುವ ನೀರು 12 ಡಿಗ್ರಿ ಅಥವಾ ಅದಕ್ಕಿಂತ ಬೆಚ್ಚಗಿದ್ದಾಗ ಮಾತ್ರ ಸಾರಜನಕದ ಮಿತಿ ಅನ್ವಯವಾಗುತ್ತದೆ ಎಂದು ಇಲ್ಲಿನ ಕಾನೂನೇ ಹೇಳುತ್ತದೆ. ನಿಮ್ಮ 22 ಡಿಗ್ರಿ ನಮಗೆ ಬೇಸಿಗೆಯ ನೀರು.

ಅಷ್ಟೊಂದು ನೀರನ್ನು ಯಾರೂ ಬಿಸಿ ಮಾಡುವುದಿಲ್ಲ. ಅಕ್ಟೋಬರ್‌ನಿಂದಲೇ ಸ್ಲಡ್ಜ್ ಹೊರತೆಗೆಯುವುದನ್ನು ಕಡಿಮೆ ಮಾಡಿ, ಚಳಿ ಬರುವ ಮೊದಲೇ ಬ್ಯಾಕ್ಟೀರಿಯಾಗಳ ಸಂಖ್ಯೆಯನ್ನು ಬೆಳೆಸಿಟ್ಟುಕೊಳ್ಳುತ್ತೇವೆ. ತಣ್ಣೀರಿನಲ್ಲಿ ಒಂದೊಂದೂ ಕಡಿಮೆ ಕೆಲಸ ಮಾಡಿದರೂ ಒಟ್ಟು ಕೆಲಸ ಕುಂದುವುದಿಲ್ಲ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ತಣ್ಣೀರಿನಲ್ಲಿ ಸ್ಲಡ್ಜ್ ನಿಧಾನವಾಗಿ ತಳ ಸೇರುತ್ತದೆ, ಮೈಕ್ರೊಥ್ರಿಕ್ಸ್ ಎಂಬ ಎಳೆಯಂಥ ಬ್ಯಾಕ್ಟೀರಿಯಾ ಹೆಚ್ಚಿ ಕಂದು ನೊರೆ ಕಟ್ಟುತ್ತದೆ. ಬಿಸಿಯ ಲಾಭ ಪಡೆಯುವುದು ಸ್ಲಡ್ಜನ್ನು ಕೊಳೆಸುವ ಡೈಜೆಸ್ಟರ್‌ನಿಂದ ಬರುವ ಬೆಚ್ಚನೆಯ ನೀರಿನಲ್ಲಿ ಮಾತ್ರ. ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮ್‌ನ ಡಾಕ್‌ಹಾವೆನ್ ಘಟಕದಲ್ಲಿ 2002ರಲ್ಲಿ ಇಂಥ ನೀರಿಗೇ ಮೊದಲ ಪೂರ್ಣ ಪ್ರಮಾಣದ ಅನಾಮಾಕ್ಸ್ (ಆಮ್ಲಜನಕವಿಲ್ಲದೆ ಅಮೋನಿಯಾವನ್ನು ಸಾರಜನಕ ಅನಿಲವಾಗಿಸುವ) ರಿಯಾಕ್ಟರ್ ಆರಂಭವಾಯಿತು. ಅನಾಮಾಕ್ಸ್ ಬ್ಯಾಕ್ಟೀರಿಯಾಗಳು 30 ಡಿಗ್ರಿಯ ಮೇಲೆ ಚೆನ್ನಾಗಿ ಕೆಲಸ ಮಾಡುತ್ತವೆ.

ಉತ್ತರ 3:

ಸೂಕ್ಷ್ಮಜೀವಿಶಾಸ್ತ್ರ ಬೋಧಿಸುವ ನನಗೆ ನಮ್ಮ ನಾಡಿನಲ್ಲಿ ಚಳಿಗಿಂತ ಬಿಸಿಲಿನ ತೊಂದರೆಯೇ ದೊಡ್ಡದೆಂದು ತೋರುತ್ತದೆ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ 30 ಡಿಗ್ರಿಯ ನೀರು 7.6 ಮಿಲಿಗ್ರಾಂ ಹಿಡಿಯುತ್ತದೆ. ಬೆಂಗಳೂರಿನ ಎತ್ತರದಲ್ಲಿ ಇದರಲ್ಲೂ ಹತ್ತನೇ ಒಂದು ಭಾಗ ಕಡಿಮೆ. ಬ್ಯಾಕ್ಟೀರಿಯಾಗಳ ಬೇಡಿಕೆ ಏರುವ ಹೊತ್ತಿಗೇ ನೀರಿನ ಸಾಮರ್ಥ್ಯ ಇಳಿಯುತ್ತದೆ. ಸುಮಾರು 25 ಡಿಗ್ರಿ ದಾಟಿದ ಮೇಲೆ ಅಮೋನಿಯಾ ತಿನ್ನುವವು ನೈಟ್ರೈಟ್ ತಿನ್ನುವವುಗಳಿಗಿಂತ ವೇಗವಾಗಿ ಬೆಳೆಯುವುದರಿಂದ, ಆಮ್ಲಜನಕವೂ ಸಾಲದಿದ್ದರೆ ನೈಟ್ರೈಟ್ ಉಳಿದುಬಿಡುತ್ತದೆ. ಅದು ಕ್ಲೋರಿನ್ನನ್ನು ನುಂಗುವುದರಿಂದ, ಎಷ್ಟು ಹೈಪೊ (ಕ್ಲೋರಿನ್ ದ್ರಾವಣ) ಸುರಿದರೂ ಕೊನೆಯ ಟ್ಯಾಂಕಿನಲ್ಲಿ ಕ್ಲೋರಿನ್ ಕಾಣಿಸುವುದಿಲ್ಲ.

ನೈಟ್ರೇಟನ್ನು ಸಾರಜನಕ ಅನಿಲವಾಗಿ ಬಿಡುಗಡೆ ಮಾಡುವ ಬ್ಯಾಕ್ಟೀರಿಯಾಗಳು ಚಳಿಗೆ ಅಷ್ಟಾಗಿ ಬಗ್ಗುವುದಿಲ್ಲ. ಬೇಸಿಗೆಯಲ್ಲಿ ಅವು ಸೆಟ್ಲಿಂಗ್ ಟ್ಯಾಂಕಿನ ತಳದಲ್ಲೇ ಕೆಲಸ ಆರಂಭಿಸಿ, ಗುಳ್ಳೆಗಳು ಅಂಟಿಕೊಂಡ ಸ್ಲಡ್ಜ್ ಗಡ್ಡೆಗಳು ಮೇಲೇಳುವುದನ್ನು ನೀವು ನೋಡಿರಬಹುದು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದಗಳು. ಲಾಗ್ ಪುಸ್ತಕದ ಪ್ರಕಾರ ನವೆಂಬರ್‌ನಿಂದ ಬ್ಲೋವರನ್ನು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ನಿಲ್ಲಿಸಲಾಗುತ್ತಿದೆ. ಚಳಿಗಾಲದಲ್ಲಿ ಫ್ಯಾನ್‌ಗಳು ಓಡದೆ ಮನೆಗಳು ನಿಶ್ಶಬ್ದವಾಗಿರುವುದರಿಂದ ಶಬ್ದದ ದೂರು ಬಂದಿತ್ತಂತೆ. ಕ್ಷಾರೀಯತೆಯ ಪರೀಕ್ಷೆಗೆ ಮಾದರಿ ಕಳುಹಿಸಿದ್ದೇವೆ. ಪುಡಿಯನ್ನು ಕೊಳ್ಳಬೇಕೇ?

ಉತ್ತರ 1:

ಈಗಲೇ ಬೇಡ. ಮಾರುಕಟ್ಟೆಯ ಪುಡಿಗಳಲ್ಲಿ ಹೆಚ್ಚಾಗಿ ಇರುವುದು ಬ್ಯಾಸಿಲಸ್ ಜಾತಿಯವು. ಅವು ಸಾವಯವ ಕಲ್ಮಶವನ್ನು ತಿನ್ನುತ್ತವೆಯೇ ಹೊರತು ನೈಟ್ರೀಕರಣದ, ಅಂದರೆ ಅಮೋನಿಯಾವನ್ನು ನೈಟ್ರೇಟ್ ಮಾಡುವ ಕೆಲಸದ ಕೊರತೆಯನ್ನು ತುಂಬುವುದಿಲ್ಲ. ದಿನಕ್ಕೆ ಎಂಟು ಗಂಟೆ ಗಾಳಿ ನಿಂತರೆ ಅಷ್ಟು ಹೊತ್ತು ನೈಟ್ರೀಕರಣದ ಬ್ಯಾಕ್ಟೀರಿಯಾಗಳ ಬೆಳವಣಿಗೆಯೂ ನಿಲ್ಲುತ್ತದೆ. ಬ್ಲೋವರ್ ಕೋಣೆಗೆ ಶಬ್ದ ತಡೆಯುವ ಹೊದಿಕೆ ಹಾಕಿಸಿ, ರಾತ್ರಿಯೂ ಓಡಿಸಿ, ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಇರುವಂತೆ ನೋಡಿಕೊಳ್ಳಿ. ಒಂದೆರಡು ವಾರ ಸ್ಲಡ್ಜ್ ಹೊರತೆಗೆಯುವುದನ್ನು ಆದಷ್ಟು ಕಡಿಮೆ ಮಾಡಿ. ಅಷ್ಟಾದರೂ ಅಮೋನಿಯಾ ಇಳಿಯದಿದ್ದರೆ, ಚೆನ್ನಾಗಿ ನಡೆಯುತ್ತಿರುವ ಹತ್ತಿರದ ಎಸ್‌ಟಿಪಿಯಿಂದ ಒಂದು ಟ್ಯಾಂಕರ್ ಸ್ಲಡ್ಜ್ ತರಿಸಿ ಹಾಕಿ.