ಪದಚರ್ಚೆ: ‘ಮೂರು ಹೊತ್ತು’, ‘ನಡುಕ’, ‘ಮದ್ದು ಇಳಿಯುವುದು’ – ಪಾರ್ಕಿನ್ಸನ್ ರೋಗಿಯ ಆಸ್ಪತ್ರೆ ಚೀಟಿಗೆ ಪದಗಳು

ಮಾನ್ಯರೇ,

ಮುಂಬಯಿಯ ಆಸ್ಪತ್ರೆಗಳಿಗೆ ದಾಖಲಾಗುವ ಕನ್ನಡ ಮಾತಿನ ಪಾರ್ಕಿನ್ಸನ್ (ಕಂಪವಾತ) ರೋಗಿಗಳಿಗಾಗಿ, ಹಾಸಿಗೆಯ ತಲೆಯ ಬಳಿ ತೂಗುಹಾಕಬಹುದಾದ ಒಂದು ಪುಟದ ಚೀಟಿಯನ್ನು ಕನ್ನಡ ಮತ್ತು ಮರಾಠಿಯಲ್ಲಿ ನಾವು ಕೆಲವರು ಸಿದ್ಧಪಡಿಸುತ್ತಿದ್ದೇವೆ. ಮರಾಠಿಯ ಪಾಠ ಬಹುಮಟ್ಟಿಗೆ ಮುಗಿದಿದೆ. ಕನ್ನಡದಲ್ಲಿ ಕೆಲವು ಕಡೆ ತಕ್ಕ ಪದ ದೊರೆಯದೆ ನಿಂತಿದ್ದೇವೆ. ಇಲ್ಲಿ ಪದ ತಪ್ಪಿದರೆ ಮಾತ್ರೆಯೂ ತಪ್ಪಬಹುದಾದ್ದರಿಂದ ಬಲ್ಲವರ ಸಲಹೆ ಕೇಳುತ್ತಿದ್ದೇನೆ.

ಮೊದಲನೆಯದು ‘ಹೊತ್ತು’. ಹಳಗನ್ನಡದ ‘ಪೊೞ್ತು’ವಿನಿಂದ ಬಂದ ಈ ಪದಕ್ಕೆ ಸೂರ್ಯ ಎಂಬ ಅರ್ಥವೂ ಉಂಟು, ಕಾಲ ಎಂಬ ಅರ್ಥವೂ ಉಂಟು, ಊಟದ ವೇಳೆ ಎಂಬ ಅರ್ಥವೂ ಉಂಟು. ‘ಮೂರು ಹೊತ್ತು ಮಾತ್ರೆ’ ಎಂದು ಮನೆಯವರು ಹೇಳಿದಾಗ ಕೇಳಿದವರು ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಬರೆದುಕೊಳ್ಳುತ್ತಾರೆ. ರಕ್ತದೊತ್ತಡದ ಮಾತ್ರೆಗೆ ಅಷ್ಟು ಸಾಕಾಗಬಹುದು, ಪಾರ್ಕಿನ್ಸನ್ನಿನ ಮುಖ್ಯ ಔಷಧವಾದ ಲೆವೊಡೋಪಾಕ್ಕೆ ಸಾಲದು. ಸಿಂಡೋಪಾದಂತಹ ಮಾತ್ರೆಗಳಲ್ಲಿ ಕಾರ್ಬಿಡೋಪಾ ಎಂಬ ಇನ್ನೊಂದು ಔಷಧದೊಡನೆ ಸೇರಿಸಿ ಕೊಡುವ ಈ ಔಷಧದ ಅರ್ಧಾಂಶ ರಕ್ತದಿಂದ ಮರೆಯಾಗಲು ಸುಮಾರು ಒಂದೂವರೆ ಗಂಟೆ ಸಾಕು. ರೋಗ ಹಳೆಯದಾದಂತೆ ಒಂದು ಮಾತ್ರೆಯ ಬಲ ಮೂರು ನಾಲ್ಕು ಗಂಟೆಗೆ ಮುಗಿದುಬಿಡುವುದರಿಂದ ಅನೇಕರು ದಿನಕ್ಕೆ ಐದಾರು ಬಾರಿ, ಗಡಿಯಾರ ನೋಡಿಕೊಂಡೇ ನುಂಗುತ್ತಾರೆ. ವಾರ್ಡಿನ ಔಷಧ ಸುತ್ತು ಮಾತ್ರ ತನ್ನದೇ ವೇಳೆಗೆ ಬರುತ್ತದೆ. ಒಂದು ಗಂಟೆ ತಡವಾದರೂ, ತಾನೇ ಎದ್ದು ಶೌಚಕ್ಕೆ ಹೋಗುತ್ತಿದ್ದವರು ಮಗ್ಗುಲು ಬದಲಿಸಲಾರದೆ ಮಲಗಿರಬಹುದು, ನೀರು ನುಂಗಲೂ ಕಷ್ಟಪಡಬಹುದು. ಹೀಗೆಂದೇ ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ, ಆಸ್ಪತ್ರೆಯಲ್ಲಿರುವ ರೋಗಿಗೆ ಲೆವೊಡೋಪಾವನ್ನು ಆತನಿಗೆ ನಿಗದಿಯಾದ ಸಮಯದಿಂದ 30 ನಿಮಿಷದೊಳಗೆ ಕೊಡಬೇಕೆಂದು 2018ರ ತನ್ನ ಗುಣಮಟ್ಟದ ಸೂತ್ರಗಳಲ್ಲಿ ಸೇರಿಸಿದೆ.

‘ವೇಳೆ’ ಎಂದರೂ ತೊಡಕು ಬಿಡಿಸಿಕೊಳ್ಳುವುದಿಲ್ಲ. ಮರಾಠಿಯಲ್ಲಿ ‘ವೇಳೇವರ್’ ಎಂದರೆ ಸರಿಯಾದ ಸಮಯಕ್ಕೆ ಎಂದರ್ಥ, ‘ತೀನ್ ವೇಳಾ’ ಎಂದರೆ ಮೂರು ಸಲ ಎಂದಷ್ಟೇ ಅರ್ಥ. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು ‘ವ್ಯಾಳ್ಯಾಕ್ಕ ಸರಿಯಾಗಿ ಗುಳಿಗಿ’ ಎನ್ನುವುದೂ ಊಟದ ವೇಳೆಯನ್ನೇ ನೆನಪಿಗೆ ತರುತ್ತದೆ. ನನಗೆ ಈಗ ಒಪ್ಪಿಗೆಯಾಗಿರುವುದು ‘ಗಂಟೆ ತಪ್ಪಬಾರದ ಮಾತ್ರೆ’ ಎಂಬ ಪ್ರಯೋಗ. ಅದರ ಕೆಳಗೆ 6, 9, 12 ಎಂದು ಅಂಕಿಗಳಲ್ಲೇ ಬರೆದರೆ ಮಲಯಾಳಿ ಸಿಸ್ಟರ್ ಆದರೂ ಮರಾಠಿ ಡಾಕ್ಟರ್ ಆದರೂ ಓದಿಕೊಳ್ಳಬಲ್ಲರು. ಇದಕ್ಕಿಂತ ಚುಟುಕಾದ, ಆಡುಮಾತಿನ ಪದ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ಎರಡನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಕನ್ನಡದ ‘ನಡುಕ’ ಎರಡು ವಿರುದ್ಧ ಸ್ಥಿತಿಗಳನ್ನು ಒಂದೇ ಬುಟ್ಟಿಗೆ ಹಾಕುತ್ತಿದೆ. ಔಷಧದ ಬಲ ಕುಗ್ಗಿದಾಗ ಸುಮ್ಮನೆ ತೊಡೆಯ ಮೇಲಿಟ್ಟ ಕೈ ಒಂದೇ ಲಯದಲ್ಲಿ, ಸೆಕೆಂಡಿಗೆ ನಾಲ್ಕರಿಂದ ಆರು ಸಲ ಅದುರುವುದು ಒಂದು. ಸಾಮಾನ್ಯವಾಗಿ ಔಷಧದ ಬಲ ತುದಿಗೇರಿದಾಗ ಕತ್ತು, ಭುಜ, ಸೊಂಟಗಳು ಲಯವಿಲ್ಲದೆ ತಿರುಚಿಕೊಂಡು ಓಲಾಡುವುದು ಇನ್ನೊಂದು, ವೈದ್ಯರು ಡಿಸ್ಕಿನೀಸಿಯಾ ಎನ್ನುವುದು ಇದನ್ನು. ‘ಅಪ್ಪನಿಗೆ ನಡುಕ ಹೆಚ್ಚಾಗಿದೆ’ ಎಂದು ಮಗಳು ರಾತ್ರಿಪಾಳಿಯ ಕಿರಿಯ ವೈದ್ಯರಿಗೆ ಹೇಳಿದರೆ, ಮೊದಲನೆಯದೆಂದು ತಿಳಿದು ಮಾತ್ರೆ ಹೆಚ್ಚಿಸುವ ಸಂಭವವಿದೆ. ಅದು ಎರಡನೆಯದಾಗಿದ್ದರೆ ಓಲಾಟ ಇನ್ನಷ್ಟು ಜೋರಾಗುತ್ತದೆ. ‘ಕಂಪವಾತ’ ಎಂಬ ರೋಗನಾಮವೇ, ಅದು ಮರಾಠಿಯಲ್ಲೂ ರೂಢಿಯಲ್ಲಿದೆ, ಕಂಪನವನ್ನು ಮುಂದೆ ನಿಲ್ಲಿಸಿ ಉಳಿದದ್ದನ್ನು ಮರೆಸುತ್ತದೆ. ನಡುಕವೇ ಇಲ್ಲದೆ ಬಿಗಿತ, ನಿಧಾನಗತಿಗಳಿಂದ ಮಾತ್ರ ಬಳಲುವ ರೋಗಿಗಳೂ ಬಹಳ ಮಂದಿ ಇದ್ದಾರೆ.

ಮೊದಲನೆಯದಕ್ಕೆ ‘ನಡುಕ’ ಅಥವಾ ‘ಅದುರು’ ಇರಲಿ. ಎರಡನೆಯದಕ್ಕೆ ನಮ್ಮ ಮುಂದಿರುವವು ‘ಹೊಯ್ದಾಟ’, ‘ಓಲಾಟ’, ‘ತೊನೆದಾಟ’. ‘ಓಲಾಟ’ ಕುಡಿದವರ ನಡಿಗೆಯನ್ನು ನೆನಪಿಸುವುದರಿಂದ ಹಿರಿಯರಿಗೆ ನೋವಾಗಬಹುದು. ‘ಹೊಯ್ದಾಟ’ ಈಗ ಮನಸ್ಸಿನ ತಳಮಳಕ್ಕೇ ಹೆಚ್ಚು ಸಲ್ಲುತ್ತಿದೆ. ಕರಾವಳಿಯ ಕೆಲವರು ಸೂಚಿಸಿದ ‘ಮೈಕುಣಿತ’ ದರ್ಶನ, ಆವೇಶಗಳ ಕಡೆಗೆ ಎಳೆಯುತ್ತದೆ. ಒಂದು ಕಾಯಿಲೆಗೆ ಅಂಥ ನಂಟು ಬೇಡವೆಂದು ನನ್ನ ಅಭಿಪ್ರಾಯ. ‘ಮೈ ತೊನೆದಾಟ’ ನನಗೆ ಹಿಡಿಸಿದೆ, ಆದರೆ ಉತ್ತರ ಕರ್ನಾಟಕದವರಿಗೆ ಅದು ತಿಳಿಯುವುದೇ?

ಮೂರನೆಯದು ಔಷಧದ ಬಲ ಮುಂದಿನ ಮಾತ್ರೆಗೆ ಮುನ್ನವೇ ಕುಗ್ಗುವ ಸ್ಥಿತಿ. ಮನೆಗಳಲ್ಲಿ ‘ಆಫ್ ಆಗಿದ್ದಾರೆ’ ಎನ್ನುವುದೇ ರೂಢಿ. ಆಡುಮಾತಿನಲ್ಲಿ ‘ಆಫ್ ಆದರು’ ಎಂದರೆ ತೀರಿಕೊಂಡರು ಎಂಬ ಅರ್ಥವೂ ಇರುವುದರಿಂದ ಚೀಟಿಯಲ್ಲಿ ಬರೆಯಲು ಮನಸ್ಸಾಗದು. ‘ಮದ್ದು ಇಳಿಯಿತು’ ಎಂದರೆ ಗಂಟಲಲ್ಲಿ ಇಳಿಯಿತು ಎಂದು ತಿಳಿಯಬಹುದು. ಕೈಮದ್ದು ತೆಗೆಸುವ ನಂಬಿಕೆ ಇರುವ ಕಡೆ ಬೇರೆಯೇ ಅರ್ಥ ಹೊಳೆಯಬಹುದು. ‘ಮದ್ದಿನ ಬಲ ಮುಗಿಯಿತು’ ಎಂಬುದು ನೇರವಾಗಿದೆ. ಅದಕ್ಕೆ ಎದುರಾಗಿ ‘ಮದ್ದು ಹಿಡಿಯಿತು’ ಎಂದು ಬರೆಯಬಹುದೇ, ‘ನಾಟಿತು’ ಎನ್ನಬೇಕೇ?

ಕೊನೆಯದು, ಕೊಡಬಾರದ ಔಷಧಗಳ ಶೀರ್ಷಿಕೆ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜಿನ್ ಮತ್ತು ಗೊಂದಲದಲ್ಲಿ ಕೂಗಾಡುವವರಿಗೆ ಕೊಡುವ ಹ್ಯಾಲೊಪೆರಿಡಾಲ್ ಮಿದುಳಿನಲ್ಲಿ ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕಕ್ಕೆ ಅಡ್ಡಗಟ್ಟುವುದರಿಂದ ಈ ರೋಗಿಗಳನ್ನು ಮತ್ತಷ್ಟು ಬಿಗಿಗೊಳಿಸುತ್ತವೆ. ಕೇಸ್ ಪೇಪರಿನಲ್ಲಿ ದಾಖಲಾಗಲೆಂದು ಮನೆಯವರು ಇದನ್ನು ‘ಅಲರ್ಜಿ’ ಎನ್ನುತ್ತಾರೆ, ಅದು ನಿಜವಲ್ಲ. ‘ವರ್ಜ್ಯ’ ಎಂಬುದು ಪಂಚಾಂಗದಿಂದ ಎಲ್ಲರಿಗೂ ಪರಿಚಿತ, ಆದರೆ ಅಲ್ಲಿ ಅದು ಗಳಿಗೆ ಕಳೆದರೆ ಮುಗಿಯುವ ನಿಷೇಧ. ‘ಕೂಡದ ಔಷಧ’ ಎಂದರೆ ಹೇಗೆ?

ಇದರ ಜೊತೆಗೆ ‘ಬಾಯಿಗೆ ಏನೂ ಕೊಡಬೇಡಿ’ ಎಂಬ ಶಸ್ತ್ರಚಿಕಿತ್ಸೆಯ ಹಿಂದಿನ ದಿನದ ಸೂಚನೆಗೂ ಒಂದು ಸಾಲು ಬೇಕಾಗಿದೆ. ಅದನ್ನು ಕೇಳಿದ ಮನೆಯವರು ಲೆವೊಡೋಪಾವನ್ನೂ ತಾವಾಗಿಯೇ ನಿಲ್ಲಿಸಿಬಿಡುತ್ತಾರೆ. ಒಮ್ಮೆಲೇ ನಿಲ್ಲಿಸಿದರೆ ವಿಪರೀತ ಜ್ವರ, ಬಿಗಿತ, ಪ್ರಜ್ಞೆಯ ಏರುಪೇರು ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಗುಟುಕು ನೀರಿನೊಡನೆ ಕೊಡಬಹುದೇ, ಮೂಗಿನ ನಳಿಕೆಯಿಂದಲೇ, ಇಲ್ಲವೇ ಚರ್ಮಕ್ಕೆ ಅಂಟಿಸುವ ರೊಟಿಗೊಟಿನ್ ಪಟ್ಟಿಯೇ ಎಂಬುದನ್ನು ವೈದ್ಯರು ತೀರ್ಮಾನಿಸಬೇಕು. ನಾವು ಬರೆದಿರುವುದು ಹೀಗೆ: ‘ಉಪವಾಸ ಊಟಕ್ಕೆ, ಪಾರ್ಕಿನ್ಸನ್ ಮಾತ್ರೆಯ ಬಗ್ಗೆ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.’ ಇದರಲ್ಲಿ ‘ಕೇಳದೆ’ ಎಂಬುದು ‘ಬಗ್ಗೆ’ಗೆ ಅಂಟುತ್ತದೆಯೋ ‘ನಿಲ್ಲಿಸಬೇಡಿ’ಗೆ ಅಂಟುತ್ತದೆಯೋ ಎಂಬ ಅನುಮಾನ ಓದುವವರಿಗೆ ಬರುತ್ತದೆಯೇ, ವಾಕ್ಯವನ್ನು ಎರಡಾಗಿ ಒಡೆಯಬೇಕೇ ಎಂಬುದನ್ನೂ ವ್ಯಾಕರಣ ಬಲ್ಲವರು ನೋಡಿ ಹೇಳಬೇಕಾಗಿ ವಿನಂತಿ.