ಕ್ಲಿನಿಕಲ್, ಮೂಟ್, ಮೆಮೋರಿಯಲ್, ಸ್ಪೆಷಲೈಸೇಶನ್: ಕಾನೂನು ಕಾಲೇಜಿನ ಕೈಪಿಡಿಯಲ್ಲಿ ಏನೆನ್ನಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕಾನೂನು ಕಾಲೇಜೊಂದರ ವಿದ್ಯಾರ್ಥಿ ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ಈ ಸಾಲಿದೆ: ‘ಕೊನೆಯ ವರ್ಷಗಳಲ್ಲಿ ಚಿಕಿತ್ಸಾ ಕಾನೂನು ಶಿಕ್ಷಣವನ್ನು ವಿಶೇಷ ಪರಿಣತಿಯೊಂದಿಗೆ ಸಂಯೋಜಿಸಲಾಗುವುದು, ವಿದ್ಯಾರ್ಥಿಗಳು ಅಣಕು ನ್ಯಾಯಾಲಯದಲ್ಲಿ ಸ್ಮಾರಕ ಸಲ್ಲಿಸತಕ್ಕದ್ದು.’ ಕಾಲೇಜೋ ಆಸ್ಪತ್ರೆಯೋ ಎಂದು ಕೇಳುವಂತಿದೆ. ಮೆಮೋರಿಯಲ್ ಎಂದರೆ ಇಲ್ಲಿ ಮೂಟ್‌ಗಾಗಿ ಬರೆದು ಸಲ್ಲಿಸುವ ವಾದ, ಹಾಗಾಗಿ ‘ಸ್ಮಾರಕ’ವಂತೂ ಹೋಗಲೇಬೇಕು. ಕ್ಲಿನಿಕಲ್‌ಗೆ ‘ಚಿಕಿತ್ಸಾ’ ಬದಲು ‘ಪ್ರಾಯೋಗಿಕ’ ಅಂದರೆ ಸಾಕೇ? ವಿದ್ಯಾರ್ಥಿಗಳು ವಾದ ಮಂಡಿಸಿ ಕಲಿಯುವ ಮೂಟ್ ಕೋರ್ಟಿಗೆ ‘ಅಣಕು’ ಸರಿಯೇ? ಸ್ಪೆಷಲೈಸೇಶನ್‌ಗೆ ಯಾವ ಪದ? ಪದದ ಜೊತೆಗೆ ಕಾರಣವನ್ನೂ ತಿಳಿಸಿದರೆ ಸಂಪಾದಕರ ಮುಂದೆ ಇಡಬಹುದು.

ಉತ್ತರ 1

ಕಾನೂನು ಶಾಲೆಗಳು ‘ಕ್ಲಿನಿಕ್’ ಎಂಬ ಮಾತನ್ನು ವೈದ್ಯಕೀಯ ಶಿಕ್ಷಣದಿಂದಲೇ ಎರವಲು ತಂದವು. ಆದರೆ ತಂದದ್ದು ಕಲಿಸುವ ಕ್ರಮವನ್ನು, ಚಿಕಿತ್ಸೆಯನ್ನಲ್ಲ. ನಿಜವಾದ ರೋಗಿಯ ಮುಂದೆ, ಹಿರಿಯ ವೈದ್ಯರ ಕಣ್ಣಳತೆಯಲ್ಲಿ ಕಲಿಯುವುದು ಹೇಗೋ ಹಾಗೆ ನಿಜವಾದ ಕಕ್ಷಿದಾರನ ಕೆಲಸವನ್ನು ಅನುಭವಿ ವಕೀಲರ ಮೇಲ್ವಿಚಾರಣೆಯಲ್ಲಿ ಮಾಡುತ್ತ ಕಲಿಯುವುದು. ಹಾಗಾಗಿ ಚಿಕಿತ್ಸಾ, ಚಿಕಿತ್ಸಕ, ನೈದಾನಿಕ ಮೂರೂ ಬೇಡ.

‘ಪ್ರಾಯೋಗಿಕ’ ತಪ್ಪಲ್ಲ, ಸಡಿಲ. ‘ಪ್ರಾಯೋಗಿಕವಾಗಿ ಜಾರಿ’ ಎಂದರೆ ಪರೀಕ್ಷಾರ್ಥ ಎಂಬ ಅರ್ಥವೂ ಬರುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ ಮೂರು ಬೇರೆ ಬೇರೆ ಕೆಲಸಗಳು ಆ ಒಂದೇ ಪದದಡಿ ಸೇರಿಬಿಡುತ್ತವೆ. ಅಮೆರಿಕನ್ ಬಾರ್ ಅಸೋಸಿಯೇಷನ್ನಿನ ಮಾನದಂಡ 303 ಕನಿಷ್ಠ 6 ಕ್ರೆಡಿಟ್‌ಗಳಷ್ಟು ಅನುಭವಾಧಾರಿತ ಕಲಿಕೆಯನ್ನು ಕಡ್ಡಾಯ ಮಾಡಿ, ಅದು ಸಿಮ್ಯುಲೇಶನ್, ಲಾ ಕ್ಲಿನಿಕ್, ಫೀಲ್ಡ್ ಪ್ಲೇಸ್‌ಮೆಂಟ್ ಈ ಮೂರರಲ್ಲಿ ಒಂದಾಗಿರಬೇಕು ಎನ್ನುತ್ತದೆ. ವಿಂಗಡಿಸುವಾಗ ಕೇಳಬೇಕಾದ್ದು: ಪ್ರಕರಣ ಯಾರದು, ಹೊಣೆ ಯಾರದು? ಸಿಮ್ಯುಲೇಶನ್ನಿನಲ್ಲಿ ಪ್ರಕರಣವೇ ಕಲ್ಪಿತ. ಕ್ಲಿನಿಕ್ಕಿನಲ್ಲಿ ಕಕ್ಷಿದಾರ ನಿಜ, ಮೇಲ್ವಿಚಾರಣೆ ಕಾಲೇಜಿನದು. ಪ್ಲೇಸ್‌ಮೆಂಟಿನಲ್ಲಿ ಕೆಲಸ ಹೊರಗಿನ ಕಚೇರಿಯದು, ಮೇಲ್ವಿಚಾರಣೆಯೂ ಬಹುಪಾಲು ಅಲ್ಲಿನದೇ. ನನ್ನ ಸಲಹೆ ಕ್ರಮವಾಗಿ ‘ಕಲ್ಪಿತ ಅಭ್ಯಾಸ’, ‘ಕಾನೂನು ಕ್ಲಿನಿಕ್’, ‘ಇಂಟರ್ನ್‌ಶಿಪ್’. ಕೊನೆಯ ಎರಡನ್ನು ಕನ್ನಡಿಸಲು ಹೆಣಗಬೇಕಾಗಿಲ್ಲ, ಜನ ಆಡುವುದೇ ಹಾಗೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ‘ಕ್ಲಿನಿಕಲ್’ ಎಂದು ಹೆಸರಿಸಿದ ಕಡ್ಡಾಯ ಪತ್ರಿಕೆಗಳು 4: ಕರಡು ರಚನೆ ಮತ್ತು ದಸ್ತಾವೇಜು ಬರವಣಿಗೆ, ವೃತ್ತಿನೀತಿ ಮತ್ತು ಲೆಕ್ಕಪತ್ರ, ಪರ್ಯಾಯ ವ್ಯಾಜ್ಯ ಪರಿಹಾರ, ಮೂಟ್ ಕೋರ್ಟ್ ಮತ್ತು ಇಂಟರ್ನ್‌ಶಿಪ್. ಇವುಗಳಲ್ಲಿ ಹೆಚ್ಚಿನ ಪಾಲು ಕಲ್ಪಿತ ಅಭ್ಯಾಸವೇ. ಅಂದರೆ ನಮ್ಮ ನಿಯಮದ ‘ಕ್ಲಿನಿಕಲ್’ಗೆ ವ್ಯಾಪ್ತಿ ಹೆಚ್ಚು. ಕೈಪಿಡಿಯಲ್ಲಿ ಪತ್ರಿಕೆಯ ಹೆಸರಾಗಿ ಬಂದಾಗ ‘ಕ್ಲಿನಿಕಲ್ ಪತ್ರಿಕೆ’ ಎಂದೇ ಇಡಿ. ಬಡ ಕಕ್ಷಿದಾರರಿಗೆ ಸಲಹೆ ಕೊಡುವ ಕೊಠಡಿಯ ಮಾತು ಬಂದಾಗ ‘ಕಾನೂನು ನೆರವು ಕ್ಲಿನಿಕ್’ ಎನ್ನಿ. ಆ ಕೊಠಡಿಯಲ್ಲಿ ವಿದ್ಯಾರ್ಥಿ ಕಕ್ಷಿದಾರರ ಮಾತು ಕೇಳಬಹುದು, ಅರ್ಜಿಯ ಕರಡು ಮಾಡಬಹುದು. 1961ರ ವಕೀಲರ ಅಧಿನಿಯಮದ 33ನೇ ಕಲಮಿನಂತೆ ನ್ಯಾಯಾಲಯದಲ್ಲಿ ವಕೀಲಿ ನಡೆಸುವ ಹಕ್ಕು ನೋಂದಾಯಿತ ವಕೀಲರಿಗೆ ಮಾತ್ರ. ಆದ್ದರಿಂದ ‘ವಿದ್ಯಾರ್ಥಿಗಳು ಪ್ರಕರಣ ನಡೆಸುವರು’ ಎಂಬ ವಾಕ್ಯ ಎಲ್ಲಾದರೂ ನುಸುಳಿದ್ದರೆ ತೆಗೆಸಿ.

ಇನ್ನು ಮೂಟ್. ಇಲ್ಲಿ ಸಂಗತಿಗಳು ಮೊದಲೇ ನಿಗದಿಯಾಗಿರುತ್ತವೆ, ಸಾಕ್ಷಿಗಳಿಲ್ಲ, ಕಾನೂನಿನ ಪ್ರಶ್ನೆಯ ಮೇಲಷ್ಟೇ ವಾದ. ಸಾಮಾನ್ಯವಾಗಿ ಮೇಲ್ಮನವಿ ನ್ಯಾಯಾಲಯದ ಮಾದರಿ. ಮಾಕ್ ಟ್ರಯಲ್‌ನಲ್ಲಿ ಸಾಕ್ಷಿಗಳಿರುತ್ತಾರೆ, ಮುಖ್ಯ ವಿಚಾರಣೆ, ಪಾಟೀಸವಾಲು, ದಾಖಲೆ ಗುರುತಿಸುವುದು ಎಲ್ಲ ಇರುತ್ತದೆ. ಎರಡಕ್ಕೂ ‘ಅಣಕು ನ್ಯಾಯಾಲಯ’ ಎಂದರೆ ವಿದ್ಯಾರ್ಥಿ ಪಾಟೀಸವಾಲಿಗೆ ತಯಾರಾಗಿ ಬಂದು ಬರಿಗೈಯಲ್ಲಿ ನಿಲ್ಲುತ್ತಾನೆ. ಮೊದಲನೆಯದು ‘ಮೂಟ್ ಕೋರ್ಟ್’ ಅಥವಾ ‘ಕಲ್ಪಿತ ನ್ಯಾಯಾಲಯ’, ಎರಡನೆಯದು ‘ಅಣಕು ವಿಚಾರಣೆ’ ಎಂದಾಗಲಿ.

ಮೆಮೋರಿಯಲ್‌ಗೆ ‘ಲಿಖಿತ ವಾದ’. ‘ಲಿಖಿತ ಹೇಳಿಕೆ’ ಎಂದು ಮಾತ್ರ ಬರೆಯಬೇಡಿ. ಅದು ಸಿವಿಲ್ ದಾವೆಯಲ್ಲಿ ಪ್ರತಿವಾದಿ ಸಲ್ಲಿಸುವ ಉತ್ತರ, ಅದಕ್ಕೆ 30 ದಿನಗಳ ಗಡುವಿದೆ, ನ್ಯಾಯಾಲಯ ಕಾರಣ ದಾಖಲಿಸಿ 90 ದಿನಗಳವರೆಗೆ ವಿಸ್ತರಿಸಬಹುದು. ಮೆಮೋರಿಯಲ್‌ನಲ್ಲಿ ಇರುವುದು ಅಧಿಕಾರವ್ಯಾಪ್ತಿ, ಸಂಗತಿಗಳು, ವಿವಾದಾಂಶಗಳು, ವಾದದ ಸಾರ, ವಿಸ್ತೃತ ವಾದ, ಪ್ರಾರ್ಥನೆ. ಹೆಚ್ಚಿನವರು ಎಡವುವುದು ಸಂಗತಿಗಳ ಭಾಗದಲ್ಲಿ: ಕೊಟ್ಟ ಪ್ರಕರಣದಲ್ಲಿ ಇಲ್ಲದ್ದನ್ನು ಸೇರಿಸಿಬಿಡುತ್ತಾರೆ. 2008ರ ಆ ನಿಯಮಗಳಂತೆ ಪ್ರತಿ ಮೂಟ್‌ಗೆ 10 ಅಂಕ, ಅದರಲ್ಲಿ 5 ಬರವಣಿಗೆಗೆ, 5 ಮೌಖಿಕ ವಾದಕ್ಕೆ. ಬರವಣಿಗೆಯ ಹೆಸರು ಕೈಪಿಡಿಯಲ್ಲಿ ತಪ್ಪಾಗಿದ್ದರೆ ಅರ್ಧದಷ್ಟು ಅಂಕಗಳು ಯಾವುದಕ್ಕೆ ಎಂಬುದೇ ತಿಳಿಯುವುದಿಲ್ಲ.

ಸ್ಪೆಷಲೈಸೇಶನ್‌ಗೆ ‘ವಿಶೇಷಾಧ್ಯಯನ’ ಸಾಕು. ಸಂವಿಧಾನ, ವಾಣಿಜ್ಯ, ಅಪರಾಧಶಾಸ್ತ್ರ, ಬೌದ್ಧಿಕ ಸ್ವತ್ತು ಮುಂತಾದ ಗುಂಪುಗಳಿಂದ ಕನಿಷ್ಠ 6 ಐಚ್ಛಿಕ ಪತ್ರಿಕೆ ಓದಿದ ಮಾತ್ರಕ್ಕೆ ಪರಿಣತಿ ಬಂತು ಎನ್ನುವುದು ಅತಿ. ವಕೀಲರ ಪರಿಷತ್ತಿನ ನಡವಳಿಕೆ ನಿಯಮ 36ರ ಪ್ರಕಾರ ನಾಮಫಲಕದಲ್ಲಾಗಲಿ ಲೆಟರ್‌ಹೆಡ್‌ನಲ್ಲಾಗಲಿ ಇಂಥ ಕೆಲಸದಲ್ಲಿ ವಿಶೇಷಜ್ಞ ಎಂದು ಹಾಕಿಕೊಳ್ಳುವಂತೆಯೂ ಇಲ್ಲ. ಕಾಲೇಜೇ ‘ಪರಿಣತಿ’ ಎಂದು ಅಚ್ಚು ಹಾಕಿದರೆ ಹುಡುಗರು ಅದನ್ನೇ ಬೋರ್ಡಿಗೆ ಏರಿಸುತ್ತಾರೆ.

‘ಸಂಯೋಜಿಸಲಾಗುವುದು’ ಎಂಬ ಕ್ರಿಯಾಪದ ಏನನ್ನೂ ಹೇಳುವುದಿಲ್ಲ. ಹೇಗೆ ಜೋಡಿಸುತ್ತಾರೆ ಎಂದು ಬರೆಯಿರಿ: ‘ವಿದ್ಯಾರ್ಥಿಯು ತಾನು ಆಯ್ದ ಐಚ್ಛಿಕ ಗುಂಪಿಗೆ ಹೊಂದುವ ಕಡೆ ಇಂಟರ್ನ್‌ಶಿಪ್ ಮಾಡಬೇಕು, ಕರಡು ಅಭ್ಯಾಸಗಳಲ್ಲಿ ಕೆಲವು ಅದೇ ವಿಷಯದವಾಗಿರಬೇಕು.’ ಐದು ವರ್ಷದ ಕೋರ್ಸಿಗೆ ಕನಿಷ್ಠ 20 ವಾರ, ಮೂರು ವರ್ಷದ್ದಕ್ಕೆ 12 ವಾರ ಇಂಟರ್ನ್‌ಶಿಪ್ ಬೇಕು. ಯಾವ ವರ್ಷದಲ್ಲೂ ಸತತ 4 ವಾರ ಮೀರುವಂತಿಲ್ಲ. ಹೀಗೆ ತುಂಡು ತುಂಡಾಗಿ ನಡೆಯುವುದರಿಂದ ಎಲ್ಲವನ್ನೂ ಒಂದೇ ಗುಂಪಿಗೆ ಕಟ್ಟುವುದು ಆಗದು, ಬೇಕಾಗಿಯೂ ಇಲ್ಲ. ಐಚ್ಛಿಕ ಗುಂಪು ಆಯ್ದ ಮೇಲಿನ ಕೊನೆಯ ಒಂದೆರಡು ಕಂತು ಹೊಂದಿದರೆ ಸಾಕು.

ಉತ್ತರ 2

ಮೇಲಿನವರ ಮಾತಿಗೆ ಬಹುಪಾಲು ಒಪ್ಪಿಗೆ. ‘ಅಣಕು’ ಬಗ್ಗೆ ಮಾತ್ರ ಭಿನ್ನಮತ. ಅಣಕು ಶವಯಾತ್ರೆಯ ಲೇವಡಿ ಒಂದು ಕಡೆ ಇದ್ದರೂ ಚುನಾವಣೆಯ ‘ಅಣಕು ಮತದಾನ’ದಲ್ಲಿ ಲೇವಡಿಯ ಸುಳಿವೂ ಇಲ್ಲ. ಪತ್ರಿಕೆಗಳಲ್ಲಿ ‘ಅಣಕು ನ್ಯಾಯಾಲಯ ಸ್ಪರ್ಧೆ’ ರೂಢಿಯಾಗಿಬಿಟ್ಟಿದೆ. ಮೊದಲ ಸಲ ‘ಮೂಟ್ ಕೋರ್ಟ್, ಅಂದರೆ ಅಣಕು ನ್ಯಾಯಾಲಯ’ ಎಂದು ಬರೆದು, ಮುಂದೆ ‘ಮೂಟ್’ ಎಂದೇ ಸಾಗಿದರೆ ಯಾರಿಗೂ ತೊಂದರೆಯಿಲ್ಲ.

ಯಾರೂ ಕೇಳದ ಒಂದು ಪದವಿದೆ: ‘ವಾದಪತ್ರ’. ಪ್ಲೇಂಟ್‌ಗೆ, ಅಂದರೆ ಸಿವಿಲ್ ದಾವೆ ಹೂಡಲು ವಾದಿ ಸಲ್ಲಿಸುವ ಪತ್ರಕ್ಕೆ, ಇದು ಸರಿಯಾದ, ಹಳೆಯ ಪದ. ಆದರೆ ‘ವಾದ’ ಎಂದಿರುವುದರಿಂದ ಹೊಸಬರು ಅದರಲ್ಲಿ ವಾದವನ್ನೇ ತುಂಬುತ್ತಾರೆ, ತೀರ್ಪುಗಳನ್ನು ಉದ್ಧರಿಸುತ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 6, ನಿಯಮ 2 ಹೇಳುವುದು ಇದರ ತಿರುವುಮುರುವು: ಮುಖ್ಯ ಸಂಗತಿಗಳು ಸಾಕು, ಅವನ್ನು ರುಜುವಾತು ಮಾಡುವ ಸಾಕ್ಷ್ಯ ಬೇಡ. ಇತ್ತ ವಾದ ಉಕ್ಕಿ ಹರಿದರೆ ಅತ್ತ ಬೇಕಾದದ್ದೇ ತಪ್ಪಿರುತ್ತದೆ. ದಾವೆಗೆ ಕಾರಣ ಯಾವಾಗ ಉದ್ಭವಿಸಿತು ಎಂಬ ಪ್ಯಾರಾ ಇರುವುದಿಲ್ಲ, ಷೆಡ್ಯೂಲಿನಲ್ಲಿ ಚಕ್ಕುಬಂದಿ ಇರುವುದಿಲ್ಲ, ಕೊನೆಯಲ್ಲಿ ಸತ್ಯಾಪನೆ, ಅಂದರೆ ಬರೆದದ್ದು ನಿಜವೆಂಬ ಸಹಿ ಮಾಡಿದ ಹೇಳಿಕೆ, ಇರುವುದಿಲ್ಲ. ಕಾರಣವನ್ನೇ ತೋರಿಸದ ವಾದಪತ್ರ ಆದೇಶ 7, ನಿಯಮ 11ರಡಿ ತಿರಸ್ಕೃತವಾಗುತ್ತದೆ. ಕರಡು ರಚನೆಯ ಕ್ಲಿನಿಕಲ್ ಪತ್ರಿಕೆಯಲ್ಲಿ 15 ಕರಡು ಅಭ್ಯಾಸಗಳಿಗೆ 45 ಅಂಕ ಇದೆ. ಕೈಪಿಡಿಯ ಪದಪಟ್ಟಿಯಲ್ಲಿ ‘ವಾದಪತ್ರ: ದಾವೆಯ ಸಂಗತಿಗಳ ನಿರೂಪಣೆ’ ಎಂಬ ಅರ್ಥ ಕೊಟ್ಟರೆ ಎಷ್ಟೋ ಅಂಕ ಉಳಿದೀತು.

‘ಇಂಟರ್ನ್‌ಶಿಪ್ ಡೈರಿ’ಗೆ ‘ದಿನಚರಿ’ ಬೇಡ. ದಿನಚರಿ ಎಂದರೆ ‘ಬೆಳಿಗ್ಗೆ ಕಚೇರಿಗೆ ಹೋದೆ, ಸಂಜೆ ಬಂದೆ’ ಎಂದೇ ಬರೆಯುತ್ತಾರೆ. ಬೇಕಿರುವುದು ಕೆಲಸದ ದಾಖಲೆ: ಕಕ್ಷಿದಾರರ 2 ಸಂದರ್ಶನಗಳಲ್ಲಿ ಗಮನಿಸಿದ್ದು, ದಾವೆ ಹೂಡುವ ಮುಂಚೆ ಸಿದ್ಧವಾದ ಕಾಗದಪತ್ರ, ಸಲ್ಲಿಕೆಯ ಕ್ರಮ. ಕಕ್ಷಿದಾರರ ಹೆಸರು, ಊರು, ಸರ್ವೆ ನಂಬರ್ ಯಾವುದೂ ಅದರಲ್ಲಿ ಬರಬಾರದು. ವಕೀಲ ಮತ್ತು ಕಕ್ಷಿದಾರರ ಮಾತುಕತೆಯ ಗೋಪ್ಯತೆ ವಕೀಲರ ಗುಮಾಸ್ತರನ್ನೂ ನೌಕರರನ್ನೂ ಕಟ್ಟಿಹಾಕುತ್ತದೆ, ಕಾಲೇಜಿನಲ್ಲಿ ಡೈರಿಯನ್ನು ಹತ್ತು ಕೈ ಮುಟ್ಟುತ್ತದೆ. ‘ಕಕ್ಷಿದಾರ ಅ’ ಎಂದು ಬರೆದರೆ ಸಾಕು ಎಂಬ ಸೂಚನೆಯನ್ನು ಕೈಪಿಡಿಯ ಅದೇ ಪುಟದಲ್ಲಿ ಕೊಡಿಸಿ.